ಒಲವಿನ ಕಥೆಗಳಲ್ಲಿ ‘ಒಲ್ಲೆ’ ಎಂಬ ಮಾತು

ಹೆಣ್ಣೊಬ್ಬಳು ಒಲವನ್ನು ಅರಸಿ, ಅಡೆತಡೆಗಳನ್ನು ದಾಟಿ, ಕೊನೆಗೆ ಅದನ್ನು ಪಡೆಯುವ ಕಥೆ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಬಹಳ ಹೆಚ್ಚಾಗಿ ಮಾರಾಟವಾಗುವ ಕಥೆಗಳಲ್ಲೊಂದು. ವಿದ್ವಾಂಸರ ಅವಜ್ಞೆಗೆ ಬಹಳ ಹೆಚ್ಚಾಗಿ ಗುರಿಯಾಗಿರುವ ಕಥೆಯೂ ಅದೇ. ಇಂಗ್ಲಿಷಿನಲ್ಲಿ ಅದಕ್ಕೆ ‘ರೊಮ್ಯಾನ್ಸ್’ ಎಂಬ ಹಳೆಯ ಹೆಸರುಂಟು. ಕಳೆದ ಮೂವತ್ತು ವರ್ಷಗಳಿಂದ ‘ಚಿಕ್ ಲಿಟ್’ ಎಂಬ ಹೊಸ ಹೆಸರೂ ಸೇರಿಕೊಂಡಿದೆ. ‘ಚಿಕ್’ ಎಂದರೆ ಕೋಳಿಮರಿ. ಆಡುಮಾತಿನಲ್ಲಿ ಹರೆಯದ ಹುಡುಗಿ. ಹೆಸರಿನಲ್ಲೇ ಹಗುರವಾದ ನಗೆಯೊಂದು ಅಡಗಿದೆ. ಈ ನಗೆ ಇಂಗ್ಲಿಷರ ಸೊತ್ತೇನೂ ಅಲ್ಲ. ಹೆಂಗಸರು ಬರೆದು ಹೆಂಗಸರು ಓದುತ್ತಿದ್ದ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಕರೆದು ಕೈತೊಳೆದುಕೊಂಡವರು ನಮ್ಮಲ್ಲಿಯೂ ಇದ್ದರು. ಅವರ ಸಾಲಿನಲ್ಲಿ ನಾನೂ ಬಹುಕಾಲ ನಿಂತಿದ್ದೆ.

ನಮ್ಮ ಊರು ಹಳೆಯ ಮೈಸೂರಿನ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಪೇಟೆಬೀದಿಯ ತಿರುವಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. 1970ರ ಸುಮಾರಿನಲ್ಲಿ ನನ್ನ ಅಕ್ಕನಿಗೆ ಅಲ್ಲಿಂದ ಕಾದಂಬರಿಗಳನ್ನು ತಂದುಕೊಡುವ ಕೆಲಸ ನನ್ನದು. ದಿನಕ್ಕೆ ಹತ್ತು ಪೈಸೆ ಬಾಡಿಗೆ. ಅಕ್ಕನ ಓದು ಎಸ್.ಎಸ್.ಎಲ್.ಸಿ.ಗೆ ನಿಂತಿತ್ತು, ಹೆಣ್ಣು ನೋಡುವ ಶಾಸ್ತ್ರ ಆರಂಭವಾಗಿತ್ತು. ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಹಾಡು ಕೇಳಿ, “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಹೊರಟುಹೋಗುತ್ತಿದ್ದರು. ಹೀಗೆ ಏಳು ಬಾರಿ ಆಯಿತು. ಒಮ್ಮೆ ನಾನು, ಆಗಷ್ಟೇ ನಾಲ್ಕು ದೊಡ್ಡ ಪುಸ್ತಕಗಳ ಹೆಸರು ಕಲಿತಿದ್ದ ಜಂಬದಲ್ಲಿ, “ಯಾಕಕ್ಕಾ, ಅದೇ ಹುಡುಗ, ಅದೇ ಹುಡುಗಿ, ಅದೇ ಮದುವೆ, ಬೇಜಾರಾಗಲ್ವಾ ನಿಂಗೆ?” ಎಂದು ಕೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆಯೇ ಹೇಳಿದಳು: “ಇದ್ರಲ್ಲಿ ಹುಡುಗೀನ ಕೇಳ್ತಾರೆ ಕಣೋ.”

ಆ ಮಾತಿನ ಅರ್ಥ ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ಒಲವಿನ ಕಾದಂಬರಿಯ ಹೃದಯದಲ್ಲಿರುವುದು ಒಂದು ಪ್ರಶ್ನೆ. ಆ ಪ್ರಶ್ನೆಯನ್ನು ಹೆಣ್ಣಿಗೆ ಕೇಳಲಾಗುತ್ತದೆ. ಉತ್ತರ ಕೊಡುವವಳು ಅವಳೇ. ಹೌದೆನ್ನುವ ಉತ್ತರಕ್ಕೆ ಬೆಲೆ ಬರುವುದು ಒಲ್ಲೆನೆನ್ನುವ ಅವಕಾಶ ಇದ್ದಾಗ ಮಾತ್ರ. ನಮ್ಮ ಭಾಷೆ ಈ ಸಂಬಂಧವನ್ನು ಎಂದೋ ಗುರುತಿಸಿದೆ. ‘ಒಲವು’ ಮತ್ತು ‘ಒಲ್ಲೆ’ ಎರಡೂ ‘ಒಲ್’ ಎಂಬ ಒಂದೇ ಧಾತುವಿನ ಮಕ್ಕಳು. ಒಲಿಯಬಲ್ಲವರು ಮಾತ್ರವೇ ಒಲ್ಲೆನೆನ್ನಬಲ್ಲರು. ಈ ಬಗೆಯ ಕಥೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಕಥೆ ಮದುವೆಯಲ್ಲಿ ಮುಗಿಯುತ್ತದೆಯೇ ಎಂದು ಕೇಳುವುದಕ್ಕಿಂತ, ನಡುವೆ ನಾಯಕಿಗೆ ಒಲ್ಲೆನೆನ್ನುವ ಶಕ್ತಿ ಇತ್ತೇ, ಆ ಶಕ್ತಿ ಅವಳಿಗೆ ಎಲ್ಲಿಂದ ಬಂತು ಎಂದು ಕೇಳುವುದು ಹೆಚ್ಚು ಫಲಕಾರಿ.

ಈ ಪರಂಪರೆಯ ತಾಯಿಬೇರು ಜೇನ್ ಆಸ್ಟೆನ್. ಆಕೆಯ ‘ಪ್ರೈಡ್ ಅಂಡ್ ಪ್ರೆಜುಡೀಸ್’ 1813ರಲ್ಲಿ ಪ್ರಕಟವಾಯಿತು. ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ. ಕಥೆಯ ತಳಹದಿಯಲ್ಲಿ ಇರುವುದು ಪ್ರಣಯಕ್ಕಿಂತ ಮೊದಲು ಆಸ್ತಿಯ ಲೆಕ್ಕ. ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಅವರ ಜಮೀನು ಗಂಡಸಿಗೇ ಸಲ್ಲಬೇಕೆಂಬ ಕಟ್ಟಿಗೆ ಒಳಪಟ್ಟದ್ದು. ತಂದೆ ತೀರಿಕೊಂಡ ದಿನ ಮನೆ ದೂರದ ದಾಯಾದಿ ಕಾಲಿನ್ಸ್ ಪಾಲಾಗುತ್ತದೆ. ಆ ಕಾಲಿನ್ಸ್ ಪಾದ್ರಿ, ಹೆಡ್ಡ, ಹೊಗಳುಭಟ್ಟ. ಆತ ಎರಡನೆಯ ಮಗಳು ಎಲಿಜಬೆತ್‌ಳನ್ನು ಮದುವೆಯಾಗುವೆನೆಂದು ಕೇಳುತ್ತಾನೆ. ಅವಳು ಹೂಂ ಎಂದರೆ ತಾಯಿಗೂ ತಂಗಿಯರಿಗೂ ತಲೆಯ ಮೇಲೊಂದು ಸೂರು ಉಳಿಯುತ್ತದೆ. ಅವಳು ಒಲ್ಲೆನೆನ್ನುತ್ತಾಳೆ. ಕಾಲಿನ್ಸ್‌ಗೆ ಅದು ಅರ್ಥವೇ ಆಗುವುದಿಲ್ಲ. ಹೆಂಗಸರು ಮೊದಲ ಬಾರಿ ನಿರಾಕರಿಸುವುದು ನಾಚಿಕೆಯ ಸಂಪ್ರದಾಯವೆಂದು ಅವನ ಎಣಿಕೆ. ತಾನು ನುಡಿದದ್ದೇ ತನ್ನ ಮನಸ್ಸು ಎಂದು ಅವನಿಗೆ ತಿಳಿಸಲು ಆ ಹುಡುಗಿ ಪಡುವ ಪಾಡಿನಲ್ಲಿ ಹಾಸ್ಯವೂ ಇದೆ, ಹಾಸ್ಯದ ಅಡಿಯಲ್ಲಿ ಸಿಟ್ಟೂ ಇದೆ.

ಆಮೇಲೆ ವರ್ಷಕ್ಕೆ 10,000 ಪೌಂಡು ವರಮಾನದ ಡಾರ್ಸಿ ಬರುತ್ತಾನೆ. ನಿನ್ನ ಕುಲ ನನಗೆ ಕಡಿಮೆಯಾದರೂ ಒಲಿದಿದ್ದೇನೆ ಎಂಬ ಧಾಟಿಯಲ್ಲಿ ಕೇಳುತ್ತಾನೆ. ಅವನಿಗೂ ಅದೇ ಉತ್ತರ. ಅನಂತರದ ಅರ್ಧ ಕಾದಂಬರಿ ಈ ಎರಡನೆಯ ‘ಒಲ್ಲೆ’ಯ ಪರಿಣಾಮ. ನಿರಾಕರಣೆ ಡಾರ್ಸಿಯ ಅಹಂಕಾರವನ್ನು ತಿದ್ದುತ್ತದೆ. ಅವನು ಬರೆದ ಪತ್ರ ಎಲಿಜಬೆತ್‌ಳ ಪೂರ್ವಗ್ರಹವನ್ನು ತಿದ್ದುತ್ತದೆ. ಎರಡನೆಯ ಸಲ ಅವನು ಕೇಳುವಾಗ ಅವಳ ಉತ್ತರ ಏನಾದರೂ ಆಗಬಹುದೆಂಬ ಅರಿವು ಅವನಿಗಿದೆ. ಆ ಅರಿವೇ ಅವನ ಯೋಗ್ಯತೆ. ಇನ್ನೊಂದು ಕಡೆ ಎಲಿಜಬೆತ್‌ಳ ಗೆಳತಿ, ಇಪ್ಪತ್ತೇಳು ವರ್ಷದ ಷಾರ್ಲಟ್, ಅದೇ ಕಾಲಿನ್ಸ್‌ನನ್ನು ಒಪ್ಪಿಕೊಳ್ಳುತ್ತಾಳೆ. ಆಸ್ಟೆನ್ ಅವಳನ್ನು ಖಂಡಿಸುವುದಿಲ್ಲ. ಒಲ್ಲೆನೆನ್ನುವ ಸ್ಥಿತಿಯಲ್ಲಿ ಎಲ್ಲರೂ ಇರುವುದಿಲ್ಲವೆಂಬುದು ಆಕೆಗೆ ಗೊತ್ತು. ಸ್ವತಃ ಆಸ್ಟೆನ್ 1802ರ ಡಿಸೆಂಬರಿನಲ್ಲಿ ಒಬ್ಬ ಶ್ರೀಮಂತ ಜಮೀನುದಾರನ ಮಗನಿಗೆ ಸಂಜೆ ಒಪ್ಪಿಗೆ ಕೊಟ್ಟು, ಮರುದಿನ ಬೆಳಿಗ್ಗೆ ಅದನ್ನು ಹಿಂದಕ್ಕೆ ಪಡೆದವಳು. ಆಮೇಲೆ ಆಕೆ ಮದುವೆಯಾಗಲೇ ಇಲ್ಲ.

1847ರಲ್ಲಿ ಬಂದ ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಅದರ ನಾಯಕಿ ಅನಾಥೆ, ಮನೆಪಾಠದವಳು. ತಾನು ಪ್ರೀತಿಸಿದ ಯಜಮಾನನಿಗೆ ಬದುಕಿರುವ ಹೆಂಡತಿ ಇದ್ದಾಳೆಂದು ತಿಳಿದಾಗ, ಕೈಯಲ್ಲಿ ಕಾಸಿಲ್ಲದಿದ್ದರೂ ಅವನ ಮನೆ ಬಿಟ್ಟು ನಡೆಯುತ್ತಾಳೆ. ಮುಂದೆ ಧರ್ಮದ ಹೆಸರಿನಲ್ಲಿ ಕೈಹಿಡಿಯಲು ಬಂದ ಇನ್ನೊಬ್ಬನನ್ನೂ ಒಲ್ಲೆನೆನ್ನುತ್ತಾಳೆ. ಕೊನೆಗೆ ಮೊದಲಿನವನ ಬಳಿಗೆ ಮರಳುವಾಗ ಅವನು ವಿಧುರ, ಕುರುಡ. ಅವಳ ಹೆಸರಿನಲ್ಲಿ ಉತ್ತರಾಧಿಕಾರವಾಗಿ ಬಂದ ಹಣವಿದೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಹಕ್ಕು ಕೊಟ್ಟ ಶಾಸನಗಳು ಬಂದದ್ದು 1870ರಲ್ಲಿ ಮತ್ತು 1882ರಲ್ಲಿ. ಒಲವಿನ ಕಥೆಗಳಿಗೂ ಈ ಶಾಸನಗಳಿಗೂ ಇರುವ ನೆಂಟು ನಾವು ಎಣಿಸುವುದಕ್ಕಿಂತ ಹತ್ತಿರದ್ದು.

ಹಾಗಾದರೆ ಬಂದ ಕಥೆಗಳೆಲ್ಲ ಒಳ್ಳೆಯವೇ? ಖಂಡಿತ ಅಲ್ಲ. ಜೊಳ್ಳು ಯಾವಾಗಲೂ ಹೆಚ್ಚೇ ಇತ್ತು. 1856ರಲ್ಲಿ ಜಾರ್ಜ್ ಎಲಿಯಟ್, ತಾನಿನ್ನೂ ಕಥೆಗಾರ್ತಿಯಾಗಿ ಹೆಸರು ಮಾಡುವ ಮೊದಲು, ಮಹಿಳಾ ಕಾದಂಬರಿಕಾರರ ಹುಚ್ಚು ಕಾದಂಬರಿಗಳನ್ನು ಕುರಿತು ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆಯಲ್ಲಿ ಚಾಟಿಯೇಟಿನಂಥ ಲೇಖನವೊಂದನ್ನು ಬರೆದಳು. ಸಕಲ ವಿದ್ಯಾಪಾರಂಗತೆಯೂ ಪರಮಸುಂದರಿಯೂ ಆದ ನಾಯಕಿಯನ್ನು ಅಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾಳೆ. ಆದರೆ ಹೆಣ್ಣು ಬರೆಯಬಾರದೆಂಬುದು ಆಕೆಯ ತಾತ್ಪರ್ಯವಲ್ಲ. ಅಗ್ಗದ ಬರಹವನ್ನು ಹೊಗಳಿದರೆ ಹೆಣ್ಣಿನ ನಿಜವಾದ ಪ್ರತಿಭೆಗೇ ದ್ರೋಹ ಎಂಬುದು ಆಕೆಯ ವಾದ. ಈ ವಾದ ಇಂದಿಗೂ ನಮಗೆ ದಾರಿದೀಪ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆ ಕಾರ್ಖಾನೆಯ ಸರಕಾಯಿತು. 1908ರಲ್ಲಿ ಲಂಡನ್ನಿನಲ್ಲಿ ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಎಂಬಿಬ್ಬರು ಒಂದು ಪ್ರಕಾಶನ ಸಂಸ್ಥೆಯನ್ನು ತೆರೆದರು. ಮೊದಲಿಗೆ ಅವರು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿದ್ದರು. 1930ರ ದಶಕದಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಎರಡು ಪೆನ್ನಿ ಬಾಡಿಗೆಯ ಪುಸ್ತಕಾಲಯಗಳು ಹಬ್ಬಿದವು. ಅವುಗಳ ಮುಖ್ಯ ಓದುಗರು ಹೆಂಗಸರು. ಸಂಸ್ಥೆ ಇದನ್ನು ಗಮನಿಸಿ ಪ್ರಣಯ ಕಾದಂಬರಿಗಳಿಗೇ ತನ್ನನ್ನು ಮೀಸಲಿಟ್ಟಿತು. ಅಂದಿನ ಅವರ ಕಂದುಬಣ್ಣದ ರಟ್ಟಿನ ಪುಸ್ತಕಗಳು ಪ್ರಸಿದ್ಧ. 1949ರಲ್ಲಿ ಕೆನಡಾದಲ್ಲಿ ಆರಂಭವಾದ ಹಾರ್ಲಿಕ್ವಿನ್ ಸಂಸ್ಥೆ ಈ ಕಾದಂಬರಿಗಳನ್ನು ಅಗ್ಗದ ಪ್ರತಿಗಳಲ್ಲಿ ಮರುಮುದ್ರಿಸತೊಡಗಿ, 1971ರಲ್ಲಿ ಮಿಲ್ಸ್ ಅಂಡ್ ಬೂನನ್ನೇ ತನ್ನದಾಗಿಸಿಕೊಂಡಿತು. ಒಂದು ಕಾಲಕ್ಕೆ ನಮ್ಮ ಬೆಂಗಳೂರು ಮೈಸೂರುಗಳ ಕಾಲೇಜು ಹುಡುಗಿಯರ ಚೀಲಗಳಲ್ಲಿ, ನೋಟುಪುಸ್ತಕದ ಮರೆಯಲ್ಲಿ, ಈ ತೆಳು ಪುಸ್ತಕಗಳು ಇದ್ದೇ ಇರುತ್ತಿದ್ದವು. 2008ರಲ್ಲಿ ಸಂಸ್ಥೆ ಭಾರತದಲ್ಲಿಯೇ ತನ್ನ ಶಾಖೆ ತೆರೆಯಿತು.

ಕಾರ್ಖಾನೆಯ ಸರಕಿಗೆ ಕಾರ್ಖಾನೆಯ ದೋಷಗಳು ಬಂದೇ ಬರುತ್ತವೆ. ನಾಯಕಿ ದಾದಿ ಅಥವಾ ಕಾರ್ಯದರ್ಶಿನಿ. ನಾಯಕ ವೈದ್ಯ ಅಥವಾ ಧನಿಕ. ಅವನದು ಗಡಸು ಮುಖ, ಒಳಗೆ ಮೃದು ಹೃದಯ. ಇದನ್ನಾದರೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ಇನ್ನೊಂದಿದೆ. 1970ರ ದಶಕದ ಅನೇಕ ಪ್ರಣಯ ಕಾದಂಬರಿಗಳಲ್ಲಿ ನಾಯಕಿಯ ‘ಒಲ್ಲೆ’ಗೆ ಬೆಲೆಯೇ ಇರಲಿಲ್ಲ. ಅಮೆರಿಕದಲ್ಲಿ 1972ರಲ್ಲಿ ಬಂದು ಭಾರಿ ಜನಪ್ರಿಯವಾದ ಕ್ಯಾಥ್ಲೀನ್ ವುಡಿವಿಸ್‌ಳ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಕಾದಂಬರಿಯಲ್ಲಿ ನಾಯಕ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ. ಕಥೆ ಅವನನ್ನೇ ಅವಳ ಒಲವಿನ ಗುರಿಯಾಗಿಸುತ್ತದೆ. ಆಸ್ಟೆನ್ ನಗೆಪಾಟಲು ಮಾಡಿದ್ದ ಕಾಲಿನ್ಸ್‌ನ ತರ್ಕ, ಅಂದರೆ ಹೆಣ್ಣು ಬೇಡವೆಂದರೆ ಬೇಕೆಂದು ಅರ್ಥ ಎಂಬ ತರ್ಕ, ಇಲ್ಲಿ ನಾಯಕನ ಪೌರುಷವಾಗಿ ಮೆರೆಯಿತು. ಒಲ್ಲೆ ಎಂಬ ಮಾತು ಸತ್ತಲ್ಲಿ ಒಲವಿನ ಕಥೆಯೂ ಸಾಯುತ್ತದೆ, ಮದುವೆ ಎಷ್ಟೇ ವೈಭವದಿಂದ ನಡೆಯಲಿ.

ಇಂಥ ಪುಸ್ತಕಗಳನ್ನು ಹೆಂಗಸರು ಏಕೆ ಓದುತ್ತಾರೆ? ಅಮೆರಿಕದ ಜಾನಿಸ್ ರಾಡ್‌ವೇ ಎಂಬ ವಿದುಷಿ ಓದುಗರನ್ನೇ ಕೇಳಿ ನೋಡಿದಳು. ಒಂದು ಸಾಧಾರಣ ಪಟ್ಟಣದ ಪುಸ್ತಕದಂಗಡಿಯ ಸುತ್ತ ಸೇರುತ್ತಿದ್ದ ಗೃಹಿಣಿಯರೊಡನೆ ಮಾತನಾಡಿ, 1984ರಲ್ಲಿ ‘ರೀಡಿಂಗ್ ದಿ ರೊಮ್ಯಾನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದಳು. ಕಥೆಯಲ್ಲಿ ಏನಿದೆ ಎಂಬುದರಷ್ಟೇ, ಓದುವ ಕ್ರಿಯೆಯೂ ಆ ಹೆಂಗಸರಿಗೆ ಮುಖ್ಯವಾಗಿತ್ತು. ದಿನವಿಡೀ ಗಂಡ ಮಕ್ಕಳ ಚಾಕರಿಯಲ್ಲಿ ಕಳೆಯುವವಳು ಪುಸ್ತಕ ತೆರೆದು ಕುಳಿತ ಆ ಒಂದು ಗಂಟೆ ಅವಳದೇ. ಕೈಯಲ್ಲಿ ಪುಸ್ತಕವಿದ್ದಾಗ ಅವಳು ಮನೆಮಂದಿಗೆ ಮೌನವಾಗಿ ‘ಈಗ ಒಲ್ಲೆ’ ಎನ್ನುತ್ತಿದ್ದಳು. ಆದರೆ ಆ ಗಂಟೆ ಕಳೆದ ಮೇಲೆ ಅದೇ ಮನೆ, ಅದೇ ಚಾಕರಿ. ಕಥೆ ಅವಳ ಬೇಗುದಿಯನ್ನು ತಣಿಸುತ್ತದೆಯೇ ಹೊರತು ಅದರ ಕಾರಣವನ್ನು ಮುಟ್ಟುವುದಿಲ್ಲ ಎಂಬುದನ್ನೂ ರಾಡ್‌ವೇ ಮರೆಮಾಚಲಿಲ್ಲ.

ಇನ್ನು ‘ಚಿಕ್ ಲಿಟ್’ ಎಂಬ ಹೊಸ ಕವಲು. 1995ರಲ್ಲಿ ಅಮೆರಿಕದ ಇಬ್ಬರು ಸಂಪಾದಕರು ಪ್ರಯೋಗಶೀಲ ಮಹಿಳಾ ಕಥೆಗಳ ಸಂಕಲನವೊಂದಕ್ಕೆ ಈ ಹೆಸರನ್ನು ವ್ಯಂಗ್ಯವಾಗಿ ಇಟ್ಟರು. ಮಾರುಕಟ್ಟೆ ಹೆಸರನ್ನು ಉಳಿಸಿಕೊಂಡು ವ್ಯಂಗ್ಯವನ್ನು ಬಿಟ್ಟುಬಿಟ್ಟಿತು. ಅದೇ 1995ರಲ್ಲಿ ಲಂಡನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯಲ್ಲಿ ಹೆಲೆನ್ ಫೀಲ್ಡಿಂಗ್ ಎಂಬ ಪತ್ರಕರ್ತೆ, ಬ್ರಿಜೆಟ್ ಜೋನ್ಸ್ ಎಂಬ ಕಲ್ಪಿತ ಯುವತಿಯ ದಿನಚರಿಯನ್ನು ಅಂಕಣವಾಗಿ ಬರೆಯತೊಡಗಿದಳು. 1996ರಲ್ಲಿ ಅದು ಕಾದಂಬರಿಯಾಯಿತು, 2001ರಲ್ಲಿ ಚಲನಚಿತ್ರವಾಯಿತು. ಬ್ರಿಜೆಟ್‌ಗೆ ಮೂವತ್ತು ದಾಟಿದೆ, ಮದುವೆಯಾಗಿಲ್ಲ, ಸಣ್ಣ ಬಾಡಿಗೆಯಲ್ಲದ ಸ್ವಂತ ವಾಸ, ಸಂಬಳದ ಕೆಲಸ, ಜಗಳಕ್ಕೂ ಸಮಾಧಾನಕ್ಕೂ ಒದಗುವ ಗೆಳತಿಯರು ಇದ್ದಾರೆ. ಪ್ರತಿದಿನ ದಿನಚರಿಯ ತಲೆಯಲ್ಲಿ ತನ್ನ ತೂಕ, ಕುಡಿದ ಮದ್ಯ, ಸೇದಿದ ಸಿಗರೇಟುಗಳ ಲೆಕ್ಕ ಬರೆದುಕೊಳ್ಳುತ್ತಾಳೆ. ಔತಣಕೂಟಗಳಲ್ಲಿ ಮದುವೆಯಾದವರು ಅವಳ ಪ್ರೇಮಜೀವನ ಹೇಗಿದೆಯೆಂದು ವಿಚಾರಿಸುವ ಧಾಟಿ, ನಮ್ಮ ಮದುವೆಮನೆಗಳ ಪಂಕ್ತಿಯಲ್ಲಿ “ನಿಮ್ಮ ಮಗಳಿಗೆ ಇನ್ನೂ ಎಲ್ಲೂ ಗೊತ್ತಾಗಲಿಲ್ವಾ?” ಎಂದು ಕೇಳುವ ಧಾಟಿಯೇ.

ಫೀಲ್ಡಿಂಗ್ ತನ್ನ ಕಥೆಯ ಹಂದರವನ್ನು ಆಸ್ಟೆನ್‌ಳಿಂದ ತೆಗೆದುಕೊಂಡದ್ದನ್ನು ಬಚ್ಚಿಡಲಿಲ್ಲ. ನಾಯಕನ ಹೆಸರೇ ಮಾರ್ಕ್ ಡಾರ್ಸಿ. 1995ರ ಬಿ.ಬಿ.ಸಿ. ಧಾರಾವಾಹಿಯಲ್ಲಿ ಆಸ್ಟೆನ್‌ಳ ಡಾರ್ಸಿಯಾಗಿ ನಟಿಸಿದ ಕಾಲಿನ್ ಫರ್ತ್, ಚಿತ್ರದಲ್ಲಿ ಈ ಡಾರ್ಸಿಯೂ ಆದ. ಆದರೆ ನೂರ ಎಂಬತ್ತು ವರ್ಷಗಳಲ್ಲಿ ನಾಯಕಿಯ ಕಾಲಕೆಳಗಿನ ನೆಲ ಬದಲಾಗಿತ್ತು. ಎಲಿಜಬೆತ್ ಒಲ್ಲೆನೆಂದಾಗ ಬೀದಿಗೆ ಬೀಳುವ ಅಪಾಯವಿತ್ತು. ಬ್ರಿಜೆಟ್‌ಗೆ ವಂಚನೆ ಮಾಡಿದವನು ಅವಳ ಮೇಲಧಿಕಾರಿ. ಅವಳು ಆ ಕೆಲಸ ಬಿಟ್ಟು ಇನ್ನೊಂದು ಕೆಲಸ ಹುಡುಕಿಕೊಳ್ಳುತ್ತಾಳೆ. ಹೊಟ್ಟೆಪಾಡಿಗೆ ಅವಳಿಗೆ ಗಂಡ ಬೇಕಿಲ್ಲ. ಹಾಗಿದ್ದೂ ಅವಳಿಗೆ ಅಳುಕಿದೆ. ಎಲ್ಲ ಸ್ವಾತಂತ್ರ್ಯಗಳೂ ಕೈಗೆ ಬಂದಮೇಲೂ ತಾನು ಒಂಟಿಯಾಗಿ ಉಳಿದರೆ ಏನು ಗತಿ ಎಂಬ ಆ ಅಳುಕು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನಗುನಗುತ್ತ ಕೇಳಿದ್ದೇ ಆ ಪುಸ್ತಕದ ಸಾಧನೆ. ನಾಯಕಿ ಸುಂದರಿಯೂ ಅಲ್ಲ, ಜಾಣೆಯೂ ಅಲ್ಲವೆಂದು ತಾನೇ ಹೇಳಿಕೊಳ್ಳುವ ಆ ಧ್ವನಿ, ಎಲಿಯಟ್ ಗೇಲಿ ಮಾಡಿದ್ದ ಸರ್ವಗುಣಸಂಪನ್ನೆಗೆ ಸರಿಯಾದ ಉತ್ತರವೂ ಹೌದು.

ಇದರ ಬೆನ್ನಲ್ಲೇ ಗುಲಾಬಿ ಬಣ್ಣದ ಮುಖಪುಟಗಳ ಪ್ರವಾಹವೇ ಬಂತು. ಹಲವು ಕಥೆಗಳಲ್ಲಿ ಒಲವಿನ ಹುಡುಕಾಟಕ್ಕೂ ಅಂಗಡಿಯ ಖರೀದಿಗೂ ಗೆರೆ ಅಳಿಸಿಹೋಯಿತು. 2001ರಲ್ಲಿ ಬೆರಿಲ್ ಬೇನ್‌ಬ್ರಿಜ್ ಮತ್ತು ಡೋರಿಸ್ ಲೆಸ್ಸಿಂಗ್ ಎಂಬ ಹಿರಿಯ ಲೇಖಕಿಯರು ಇವುಗಳನ್ನು ಬಹಿರಂಗವಾಗಿ ಟೀಕಿಸಿದರು. ಟೀಕೆಯಲ್ಲಿ ಹುರುಳಿತ್ತು. ಆದರೆ ಅವರು ಕಂಡದ್ದು ಇಡೀ ಬೆಳೆಯನ್ನಲ್ಲ. ಅದಕ್ಕೂ ಮೊದಲೇ, 1992ರಲ್ಲಿ, ಟೆರಿ ಮ್ಯಾಕ್‌ಮಿಲನ್ ‘ವೇಟಿಂಗ್ ಟು ಎಕ್ಸ್‌ಹೇಲ್’ ಕಾದಂಬರಿಯಲ್ಲಿ ನಾಲ್ವರು ಕಪ್ಪು ಗೆಳತಿಯರ ಬದುಕನ್ನು ಬರೆದಿದ್ದಳು. ಭಾರತದಲ್ಲಿ ಇಂಗ್ಲಿಷಿನಲ್ಲಿ ಬರೆದ ಅನುಜಾ ಚೌಹಾನರ ‘ದಿ ಜೋಯಾ ಫ್ಯಾಕ್ಟರ್’ 2008ರಲ್ಲಿ ಬಂತು. ಅದರ ನಾಯಕಿ ಜಾಹೀರಾತು ಕಂಪನಿಯ ಉದ್ಯೋಗಿ. 2018ರಲ್ಲಿ ಕೆನಡಾದ ಉಜ್ಮಾ ಜಲಾಲುದ್ದೀನ್ ‘ಆಯಿಷಾ ಅಟ್ ಲಾಸ್ಟ್’ ಎಂಬ ಕಾದಂಬರಿಯಲ್ಲಿ ಆಸ್ಟೆನ್‌ಳ ಕಥೆಯನ್ನು ಟೊರಾಂಟೊ ನಗರದ ಮುಸ್ಲಿಂ ಕುಟುಂಬಗಳ ನಡುವೆ ನೆಟ್ಟಳು. ತಾಯಿ ಗೊತ್ತುಮಾಡುವ ಸಂಬಂಧ, ಮಗನ ಶ್ರದ್ಧೆ, ಕವಿತೆ ಬರೆಯುವ ಹುಡುಗಿಯ ಆತ್ಮಗೌರವ ಇವುಗಳ ತಿಕ್ಕಾಟ ಅಲ್ಲಿದೆ. ಅದೇ ವರ್ಷ ಬಂದ ಹೆಲೆನ್ ಹೊವಾಂಗ್‌ಳ ‘ದಿ ಕಿಸ್ ಕೋಷಂಟ್’ ಕಾದಂಬರಿಯ ನಾಯಕಿ ಆಟಿಸಂ ಇರುವ ಎಕನಾಮೆಟ್ರಿಷಿಯನ್; ಅಲ್ಲಿ ನಾಯಕ ಪ್ರತಿ ಹೆಜ್ಜೆಗೂ ಅವಳ ಒಪ್ಪಿಗೆಯನ್ನು ಕಾಯುತ್ತಾನೆ. 1972ರ ನಾಯಕನಿಂದ ಇವನವರೆಗೆ ಈ ಪ್ರಕಾರ ನಡೆದುಬಂದ ದೂರ ಸಾಮಾನ್ಯವಲ್ಲ.

ಈಗ ನಮ್ಮ ಮನೆಯ ಕಡೆಗೆ ಹೊರಳೋಣ. ಅಡುಗೆಮನೆ ಸಾಹಿತ್ಯವೆಂಬ ಮೂದಲಿಕೆಯ ನಡುವೆಯೇ ತ್ರಿವೇಣಿಯವರು ಬರೆದರು. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಅವರಿಗೆ ಬರವಣಿಗೆಗೆ ದಕ್ಕಿದ ಕಾಲ ಬಹಳ ಸ್ವಲ್ಪ. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲರ 1967ರ ಚಿತ್ರದಿಂದ ಬಲ್ಲವರೇ ಇಂದು ಹೆಚ್ಚು. ಶ್ರೀಮಂತನ ಒಬ್ಬಳೇ ಮಗಳು ಇಂದಿರಾ. ಆಕೆಯ ತಂದೆಯ ಹಣದಿಂದ ಅಮೆರಿಕಕ್ಕೆ ಓದಲು ಹೋಗುವ ಮೋಹನ, ಆಕೆಯನ್ನು ಕೈಹಿಡಿಯಬೇಕಾದವನು. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಗಂಡು ವಾರಸುದಾರ ಬಂದ. ಹಿಂದಿರುಗಿದ ಮೋಹನನ ಒಲವು ತಣ್ಣಗಾಗುತ್ತದೆ. ಮುಂದೆ ಅವನೇ ಬಿದ್ದು ಗಾಯಗೊಂಡು ಮಲಗಿದಾಗ ಇಂದಿರಾ ಶುಶ್ರೂಷೆ ಮಾಡುತ್ತಾಳೆ. ಪಶ್ಚಾತ್ತಾಪಪಟ್ಟ ಅವನು ಮದುವೆಯ ಮಾತೆತ್ತಿದಾಗ ಅವಳ ಉತ್ತರ ಒಲ್ಲೆನೆಂದೇ. ಗಂಡು ವಾರಸುದಾರನ ಪ್ರಶ್ನೆ ಬೆನೆಟ್ ಕುಟುಂಬದ್ದೂ ಹೌದು, ಈ ಕುಟುಂಬದ್ದೂ ಹೌದು. ಆಸ್ಟೆನ್‌ಳ ಡಾರ್ಸಿ ಎರಡನೆಯ ಅವಕಾಶಕ್ಕೆ ಅರ್ಹನಾದ, ಮೋಹನ ಆಗಲಿಲ್ಲ. ಕ್ಷಮಿಸುವುದು ಬೇರೆ, ಕೈಹಿಡಿಯುವುದು ಬೇರೆ ಎಂಬ ವಿವೇಕ ಇಂದಿರೆಯದು. ಹೆಣ್ಣು ನೋಡಲು ಬಂದವರ ಕಾಗದಕ್ಕಾಗಿ ಕಾಯುತ್ತಿದ್ದ ಸಾವಿರಾರು ಹುಡುಗಿಯರು ಆ ನಿರಾಕರಣೆಯನ್ನು ಹೇಗೆ ಎದೆಗೊತ್ತಿಕೊಂಡಿರಬೇಕು!

ನನ್ನ ಅಕ್ಕನನ್ನು ನೋಡಲು ಬಂದ ಎಂಟನೆಯವರು ಒಪ್ಪಿದರು. ಅವಳನ್ನು ಯಾರೂ ಕೇಳಲಿಲ್ಲ. ಭಾವ ಒಳ್ಳೆಯವರೇ, ಸಂಸಾರ ಸಾಗಿತು. ಇಪ್ಪತ್ತೈದು ವರ್ಷಗಳ ಬಳಿಕ ಅವಳ ಮಗಳಿಗೆ ನಾನೇ ಒಂದು ಸಂಬಂಧ ತಂದೆ. ಪರಿಚಿತರ ಮನೆತನ, ಓದಿದ ಹುಡುಗ. ಮಾತು ಕೊಟ್ಟುಬಿಟ್ಟಿದ್ದೆ ಎಂದೇ ಹೇಳಬೇಕು. ಹುಡುಗಿ ಒಲ್ಲೆನೆಂದಳು. ಕಾರಣವೇನೆಂದು ನಾನು ಪ್ರಾಧ್ಯಾಪಕನ ಠೀವಿಯಲ್ಲಿ ಕೇಳುತ್ತ ಹೋದೆ. ಹುಡುಗಿಯರು ಮೊದಲು ಹಾಗೆಯೇ ಅನ್ನುತ್ತಾರೆ ಎಂಬ ಮಾತೂ ನನ್ನ ಬಾಯಿಂದ ಬಂತು. ಹಲವು ವರ್ಷ ತರಗತಿಯಲ್ಲಿ ಸಾಹಿತ್ಯ ಬೋಧಿಸಿದ್ದ ನಾನು ಆ ಗಳಿಗೆಯಲ್ಲಿ ಸಾಕ್ಷಾತ್ ಕಾಲಿನ್ಸ್ ಆಗಿದ್ದೆ. ಅಕ್ಕ ಕಾಫಿಯ ಲೋಟ ನನ್ನ ಮುಂದಿಟ್ಟು, “ಅವಳು ಬೇಡ ಅಂದ್ಳಲ್ಲಪ್ಪಾ, ಮುಗೀತು. ಕಾರಣ ಕೇಳೋದಕ್ಕೆ ನಾವ್ಯಾರು?” ಎಂದಳು. ಆ ದನಿಯಲ್ಲಿ ಎತ್ತರವಿರಲಿಲ್ಲ. ಮೇಲ್ಮನವಿಗೆ ಎಡೆಯೂ ಇರಲಿಲ್ಲ. ನಾನು ಮುನಿಸಿಕೊಂಡು ಬಂದೆ. ಆ ಹುಡುಗಿ ನಾಲ್ಕು ವರ್ಷಗಳ ಅನಂತರ ತಾನು ಮೆಚ್ಚಿದವನನ್ನು ಮದುವೆಯಾದಳು.

ಅಕ್ಕನಿಗೆ ಆ ಧೈರ್ಯವನ್ನು ಹತ್ತು ಪೈಸೆಯ ಕಾದಂಬರಿಗಳೇ ಕೊಟ್ಟವೆಂದು ನಾನು ಸಾಧಿಸಲಾರೆ. ಬದುಕು ಅಷ್ಟು ಸರಳವಾದ ಲೆಕ್ಕವಲ್ಲ. ಆದರೆ ತನ್ನನ್ನು ಯಾರೂ ಕೇಳದ ಕಾಲದಲ್ಲಿ, ಹೆಣ್ಣನ್ನು ಕೇಳುವ ಒಂದು ಲೋಕ ಇರಬಹುದೆಂದು ಅವಳಿಗೆ ತೋರಿಸಿದ್ದು ಆ ಪುಸ್ತಕಗಳೇ. ಅವುಗಳಲ್ಲಿ ಜೊಳ್ಳಿತ್ತು, ಕಾಳೂ ಇತ್ತು. ಜೊಳ್ಳನ್ನು ತೂರುವುದು ವಿಮರ್ಶೆಯ ಕೆಲಸ. ಮೊರದಲ್ಲಿರುವುದನ್ನೆಲ್ಲ ತಿಪ್ಪೆಗೆ ಸುರಿಯುವುದು ವಿಮರ್ಶೆಯಲ್ಲ. ಇನ್ನು ಮುಂದೆ ಮನೆಯ ಮೂಲೆಯಲ್ಲಿ ಮಗಳೋ ಸೊಸೆಯೋ ಇಂಥದೊಂದು ಪುಸ್ತಕ ಹಿಡಿದು ಕುಳಿತಿದ್ದರೆ, ನಗುವ ಮೊದಲು ಒಂದು ಮಾತು ಕೇಳಿ ನೋಡಬಹುದು: “ಇದರಲ್ಲಿ ಹುಡುಗಿ ಯಾರಿಗೆ ಬೇಡ ಅಂತಾಳೆ?”